ಜೋಳದ ಹೊಲದ ಗುಲಾಬಿ ಹಕ್ಕಿ

ಬಾಡಗಂಡಿ,
೧೬ ಮಾರ್ಚ್ ೨೦೨೫

ಪ್ರೀತಿಯ ತಂಗಿ ಮಧುಮತಿಗೆ ನಿನ್ನ ಅಕ್ಕನ ಆಶೀರ್ವಾದ.

ಬೆಳಗಾವಿಯ ಆಸ್ಪತ್ರೆಯಲ್ಲಿ ನಿನ್ನನ್ನೂ ಕೂಸು ಅಕ್ಷತಾಳನ್ನೂ ಬಿಟ್ಟು ಬಂದು ಎಂಟು ದಿನವಾಯಿತು, ಒಂದು ಫೋನೂ ಮಾಡಲಿಲ್ಲ. ಸಿಟ್ಟಾಗಬೇಡ. ನಾಲ್ಕು ಸಲ ಫೋನು ಹಚ್ಚಿ, ನಿನ್ನ ದನಿ ಕೇಳಿದ ಕೂಡಲೇ ಕಟ್ ಮಾಡಿದೆ. ನನ್ನ ಬಾಯಿ ಊರಗಲ ಎಂದು ನಗುತ್ತಿದ್ದೆಯಲ್ಲ, ಈಗ ನೋಡು. ಅದಕ್ಕೇ ಬರೆದು ಮೈದುನ ಸೋಮಲಿಂಗನ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ಕಬ್ಬು ಫ್ಯಾಕ್ಟರಿಗೆ ಹೋಯಿತು, ಜೋಳದ ರಾಶಿಯೂ ಮುಗಿಯಿತು. ನಮ್ಮವರು ದಿನಾ ಕೇಳುತ್ತಾರೆ, “ಅಕ್ಷತಾನ ಸೊಟ್ಟ ಮಾರಿ ನೆಟ್ಟಗಾತೇನ?” ನಾನು ಕೇಳಿಸದವಳಂತೆ ರೊಟ್ಟಿ ಬಡಿಯುತ್ತೇನೆ.

ಮೊದಲು ಆ ನಾಯಿಯ ಮಾತು. ಡಾಕ್ಟರು ಉಣ್ಣಿ ಕಚ್ಚಿರಬಹುದು ಎಂದ ಕೂಡಲೇ ನಿನ್ನ ಗಂಡ ಸಿದ್ದಾರೂಢರು ಮರಿಯಿಂದ ಸಾಕಿದ ಬೇಟೆನಾಯಿಯನ್ನು ಯಾರಿಗೋ ಕೊಟ್ಟುಬಿಟ್ಟರು. ಪಾಪ, ಅದರ ತಪ್ಪೇನೂ ಇರಲಿಲ್ಲ. ಸಂಕ್ರಾಂತಿಗೆ ಅಕ್ಷತಾ ನಮ್ಮಲ್ಲಿಗೆ ಬಂದಾಗ ಜೋಳಕ್ಕೆ ಗುಲಾಬಿ ಮೈಯ ಹಕ್ಕಿಗಳು ಮುತ್ತಿದ್ದವು. ಚಳಿಗಾಲಕ್ಕೆ ಯಾವ ದೇಶದಿಂದಲೋ ಬರುತ್ತವಲ್ಲ, ಅವೇ. ನಮ್ಮವರು ಬೀಸಿದ ಕವಣೆಕಲ್ಲಿಗೆ ಒಂದರ ರೆಕ್ಕೆ ಮುರಿಯಿತು. ನಿನ್ನ ಮಗಳು ಅದನ್ನು ನನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಮೂರು ದಿನ ಮೈಗೆ ಅವಚಿಕೊಂಡೇ ತಿರುಗಿದಳು. ಅದರ ಕಣ್ಣಿನ ಸುತ್ತ ಎಳ್ಳಿನಷ್ಟು ಸಣ್ಣ ಉಣ್ಣಿಗಳು. “ದೊಡ್ಡವ್ವ, ಇದಕ್ಕ ಯಾರೋ ಕಾಡಿಗಿ ಹಚ್ಚ್ಯಾರ ನೋಡ!” ಎಂದು ನಕ್ಕಳು. ನಾನೂ ನಕ್ಕೆ.

ನಾಲ್ಕನೆಯ ದಿನ ಅದು ಸತ್ತಿತು. ಹೊಲ ಖಾಲಿಯಾಗಿದೆ, ಹಕ್ಕಿಗಳೆಲ್ಲ ಹೋಗಿವೆ. ಆದರೂ ಹಿತ್ತಿಲಲ್ಲಿ ಅದರ ಕಿಚಕಿಚ ಕೇಳಿ ಹಿಟ್ಟಿನ ಕೈಯಲ್ಲೇ ಎದ್ದು ಹೋಗುತ್ತೇನೆ. ಏನೂ ಇರುವುದಿಲ್ಲ. ಹೆದರಿಕೆಯಾಗುತ್ತದೆ ಕಣೇ.

ಡಾಕ್ಟರು ಅಂದದ್ದು ನೆನಪಿದೆಯಲ್ಲ? “ಉಣ್ಣಿ ಹಕ್ಕಿ ಮೈಮ್ಯಾಲೂ ಬರ್ತಾವ್ರಿ. ಇದು ಲೈಮ್ ಅನ್ನೋ ಬ್ಯಾನಿ ಇರಬಹುದು, ನಮ್ಮ ಕಡೆ ಭಾಳ ಅಪರೂಪ. ಮೈಮ್ಯಾಲೆ ಕೆಂಪು ಉಂಗುರ ಎದ್ದಿತ್ತೇನ್ರಿ?” ನಾವೆಲ್ಲ ಇಲ್ಲವೆಂದೆವು. ಅವರು ಆ ದಾರಿ ಬಿಟ್ಟು ಬೇರೆ ಬೇನೆ ಹುಡುಕತೊಡಗಿದರು. ಈಗ ಕೂಸಿನ ಎದೆಬಡಿತವೂ ತಪ್ಪುತ್ತಿದೆ ಎಂದು ನಿನ್ನೆ ಸೋಮಲಿಂಗ ಹೇಳಿದ ಮೇಲೆ ಬರೆಯಲು ಕೂತೆ. ಈ ಪತ್ರವನ್ನು ಕೊನೆಯವರೆಗೂ ಓದಿ, ನಿಂತ ಕಾಲಲ್ಲೇ ಹೋಗಿ ಡಾಕ್ಟರಿಗೆ ತೋರಿಸು.

ಮಲ್ಲಯ್ಯ ಕೂಸನ್ನು ಕಾಯಲಿ. ನಿನಗೆ ಗಟ್ಟಿ ಎದೆ ಕೊಡಲಿ.

ನಿನ್ನ ಅಕ್ಕ,
ಕಸ್ತೂರೆವ್ವ

ತಾ.ಕ.: ಉಂಗುರ ಇತ್ತು ಮಧೂ. ಹಕ್ಕಿ ಸತ್ತ ಮೇಲೆ, ನಮ್ಮಲ್ಲಿದ್ದಾಗಲೇ ಎದ್ದಿತ್ತು, ಬಲ ಬಗಲಿನ ಕೆಳಗೆ, ಬಳೆಯಷ್ಟು ಅಗಲ. ನಾನು ಸರ್ಪಸುತ್ತು ಎಂದುಕೊಂಡು ಐದು ದಿನ ಕೆಮ್ಮಣ್ಣು ತೇಯ್ದು ಮೆತ್ತಿದೆ. ದವಾಖಾನೆಗೆ ಯಾಕೆ ಒಯ್ಯಲಿಲ್ಲ ಎಂದು ನೀನು ಬೈಯುತ್ತೀ ಎಂಬ ಅಂಜಿಕೆಗೆ, “ನಿಮ್ಮವ್ವಗ ಹೇಳಬ್ಯಾಡ, ಯಾರ ಕೇಳಿದ್ರೂ ಇಲ್ಲ ಅನ್ನು” ಎಂದು ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ. ಡಾಕ್ಟರು ಕೇಳಿದಾಗ ಅಕ್ಷತಾ ಮೊದಲು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಅವಳು, ಆ ಸೊಟ್ಟಗಾದ ಬಾಯಿಯಲ್ಲೇ, “ಇಲ್ರಿ” ಅಂದಳು.