ಮೂರು ಬಾಟಲಿಗೂ ಒಂದೇ ಸಿಹಿ

ಜನವರಿ 6, ಸೋಮವಾರ

ಇವತ್ತೂ ಬಾರಿನಲ್ಲಿ ಗ್ಲಾಸ್ ಒರೆಸುವುದೇ ಆಯಿತು. ಸಂಜೆ ಎಸ್ಟೇಟ್ ಮಾಲೀಕರು ಶಶಿಧರ್ ಸರ್ ಬಂಗಲೆಯ ಜಗಲಿಗೆ ಕರೆದರು. ಭಾನುವಾರ ಹೋಂಸ್ಟೇಗೆ ಗೆಸ್ಟ್‌ಗಳು. ಟಕೀಲಾ ಟೇಸ್ಟಿಂಗ್ — ಮೆಕ್ಸಿಕೋದ ಮದ್ಯ, ಗುಟುಕು ಗುಟುಕಾಗಿ ಕೊಟ್ಟು ರುಚಿ ವಿವರಿಸಬೇಕಂತೆ.

"ಹಾರ್ಟ್ ಆಪರೇಷನ್ ಆದ್ಮೇಲೆ ಡಾಕ್ಟ್ರು ನಂಗೆ ಒಂದು ಹನೀನೂ ಬೇಡ ಅಂದಿದ್ದಾರೆ. ಇನ್ನು ನಿನ್ನ ನಾಲಿಗೇನೇ ನನ್ನ ನಾಲಿಗೆ, ದರ್ಶನ್. ದಿನಾ ಒಂದೊಂದು ಗುಟುಕು ನೋಡಿ ಕಲ್ತ್ಕೋ. ಚೆನ್ನಾಗಿ ಮಾಡಿದ್ರೆ ಬಾರ್ ನಿಂದೇ."

ಇನ್ನು ಗ್ಲಾಸ್ ಒರೆಸುವುದು ತಪ್ಪುತ್ತದೆ!

ಮೂರು ಬಾಟಲಿ. ಮರದ ಪೀಪಾಯಿಯಲ್ಲಿ ಕೆಲವೇ ತಿಂಗಳು ಇಟ್ಟದ್ದು ರೆಪೊಸಾಡೊ — ಹಸಿ ಕಾಳುಮೆಣಸು ಜಗಿದ ಹಾಗೆ. ವರ್ಷ ದಾಟಿದ್ದು ಅನ್ಯೆಹೊ — ಬೆಲ್ಲ ಸ್ವಲ್ಪ ಸೀದ ವಾಸನೆ. ಮೂರು ವರ್ಷಕ್ಕೂ ಹಳೆಯದು ಎಕ್ಸ್‌ಟ್ರಾ ಅನ್ಯೆಹೊ — ಅಜ್ಜಿಯ ಮರದ ಪೆಟ್ಟಿಗೆ ತೆರೆದ ಹಾಗೆ, ಆಮೇಲೆ ಒಣದ್ರಾಕ್ಷಿ. ಕಣ್ಣು ಮುಚ್ಚಿಯೂ ಹೇಳಬಲ್ಲೆ.

ಬಾಟಲಿ ಇಡುವ ಬೀರುವಿನ ಬೀಗದ ಕೈ ಗುರುವಯ್ಯನವರ ಹತ್ತಿರ. ಬಂಗಲೆಯ ಹಳೇ ಅಡುಗೆಯವರು. ಹಣೆ ತುಂಬ ವಿಭೂತಿ. ಯಾವತ್ತೂ ಕುಡಿದವರಲ್ಲ. ಬಾಟಲಿ ನೋಡಿ ನಕ್ಕರು.

"ಬೇಲಿಗೆ ಹಾಕೋ ಕತ್ತಾಳೆ ಜಾತೀದಂತೆ. ಅದ್ರ ರಸಕ್ಕೆ ಇಷ್ಟು ಮರ್ಯಾದೆಯಾ ಮಾರಾಯ!"

ಜನವರಿ 7

ಮೊಬೈಲಲ್ಲಿ ನೋಡಿದೆ. ರುಚಿ ನೋಡುವ ಮೊದಲು ಬಾಯಿ ಚೊಕ್ಕ ಇರಬೇಕಂತೆ. ಕಾಫಿ ಕಣದ ಪಕ್ಕದ ಮರದಿಂದ ನೆಲ್ಲಿಕಾಯಿ ಕಿತ್ತು ಚೆನ್ನಾಗಿ ಜಗಿದು ಹೋದೆ.

ರೆಪೊಸಾಡೊ ಸಿಹಿ! ನಿನ್ನೆ ಖಾರ ಇತ್ತಲ್ಲ. ಮಿಕ್ಕ ಎರಡೂ ಸಿಹಿ. ಮೂರೂ ಅಣ್ಣತಮ್ಮಂದಿರ ಹಾಗೆ. ಯಾರೋ ಏನೋ ಬೆರೆಸಿದ್ದಾರೆ...

"ಗುರುವಯ್ಯನೋರೇ, ಬಾಟಲಿ ಯಾರಾದ್ರೂ ಮುಟ್ಟಿದ್ರಾ?"

"ನಾನೇ ಮುಟ್ಟಿದ್ದು. ಧೂಳು ಒರೆಸ್ದೆ."

ಕುಡಿಯದವರಿಗೆ ಬಾಟಲಿ ಮೇಲೆ ಇಷ್ಟು ಅಕ್ಕರೆ ಯಾಕೆ? ಲೇಬಲ್ ಮೇಲೆ ಪೆನ್ನಲ್ಲಿ ಸಣ್ಣ ಗೆರೆ ಹಾಕಿ ಬಂದೆ.

ಜನವರಿ 8

ಮಟ್ಟ ಇಳಿದಿಲ್ಲ. ಏರಿಯೂ ಇಲ್ಲ. ಅಂದರೆ ತೆಗೆದಷ್ಟೇ ತುಂಬಿಸುತ್ತಾರೆ. ಚಾಲಾಕು. ಇವತ್ತೂ ಸಿಹಿ. ನೆಲ್ಲಿಕಾಯಿ ಜಗಿದೇ ಹೋಗಿದ್ದೆ, ನನ್ನ ನಾಲಿಗೆಯ ತಪ್ಪಿರಲು ಸಾಧ್ಯವಿಲ್ಲ.

ಅಡುಗೆಮನೆಗೆ ಇಣುಕಿದೆ. ಒಲೆಯ ಮೇಲೆ ಬೆಲ್ಲದ ಪಾಕ.

"ಇದು ಯಾಕೆ?"

"ಸಂಕ್ರಾಂತಿ ಬಂತಲ್ಲ, ಎಳ್ಳುಂಡೆಗೆ. ಏನೋ, ಇವತ್ತು ಪೊಲೀಸ್ ಮುಖ ಹಾಕ್ಕೊಂಡು ಬಂದಿದ್ದೀಯ?"

ನಕ್ಕರು. ನಗುವಾಗ ನನ್ನ ಕಡೆ ನೋಡಲಿಲ್ಲ. ಗಮನಿಸಿದೆ.

ಜನವರಿ 9

ಸರ್‌ಗೆ ಹೇಳಿದೆ, ಗುರುವಯ್ಯನವರು ಟಕೀಲಾ ತೆಗೆದು ಬೆಲ್ಲದ ನೀರು ತುಂಬಿಸುತ್ತಿದ್ದಾರೆ ಅಂತ. ಅವರು ಕುಡಿದು ನೋಡುವಂತಿಲ್ಲ. ನನ್ನ ಮಾತೇ ಸಾಕ್ಷಿ. ಗುರುವಯ್ಯನವರನ್ನು ಕರೆಸಿದರು. ಅವರು ಕೂಗಾಡಲಿಲ್ಲ. ಬೀಗದ ಕೈ ಟೇಬಲ್ ಮೇಲಿಟ್ಟರು.

"ಬಾಟಲಿಗೆ ಏನಾಗಿದ್ಯೋ ನಂಗೊತ್ತಿಲ್ಲ ಸಾವ್ಕಾರ್ರೇ. ನಂಬಿಕೆ ಇಲ್ಲದ ಮನೇಲಿ ಒಲೆ ಹಚ್ಚಲಾರೆ."

ಮಧ್ಯಾಹ್ನದ ಬಸ್ಸಿಗೆ ಕಳಸಕ್ಕೆ ಹೋದರು, ಮಗಳ ಮನೆಗೆ. ಇಷ್ಟು ಸಲೀಸಾಗಿ ಹೋದರಲ್ಲ... ತಪ್ಪಿಲ್ಲದವರು ಜಗಳ ಆಡಬೇಕಲ್ಲವೇ?

ಸರ್ ಹೊಸ ಬಾಟಲಿಗಳಿಗೆ ಫೋನ್ ಮಾಡಿದರು.

ಜನವರಿ 11, ಸಂಜೆ

ಹೊಸ ಬಾಟಲಿ ಬಂತು. ಸೀಲ್ ನಾನೇ ಒಡೆದೆ. ನೆಲ್ಲಿಕಾಯಿ ಜಗಿದೆ. ಕುಡಿದೆ.

ಸಿಹಿ. ಮೂರೂ.

ಅಂಗಡಿಯವನೂ ಕಳ್ಳನಾ? ಕಂಪನಿಯವರೂ? ಬಾಯಿ ಮುಕ್ಕಳಿಸೋಣ ಅಂತ ನಲ್ಲಿಗೆ ಬಾಯಿಟ್ಟೆ — ನೀರೂ ಸಿಹಿ.

ಅಲ್ಲೇ ಕೂತುಬಿಟ್ಟೆ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಸಿಹಿ. ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ಮಾಡಿದ್ದೇ ಅದು. ಊರಿನ ಮಕ್ಕಳೆಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಟಕೀಲಾ ಅಂದ ಕೂಡಲೆ ಅದೇನೋ ಬೇರೆ ಲೋಕದ್ದು ಅಂದುಕೊಂಡೆ.

ಬಾಯಿ ತೊಳೆದೆ. ಅನ್ನ ಉಂಡೆ. ತುಂಬ ಹೊತ್ತು ಬಿಟ್ಟು ಹಳೇ ಬಾಟಲಿಯ ರೆಪೊಸಾಡೊ ನಾಲಿಗೆಗೆ ಹಚ್ಚಿದೆ. ಕಾಳುಮೆಣಸು. ಹೊಸದು — ಅದೇ ಕಾಳುಮೆಣಸು.

ಜನವರಿ 13

ನಿನ್ನೆ ಟೇಸ್ಟಿಂಗ್ ಚೆನ್ನಾಗಿಯೇ ಆಯಿತು. ಚಪ್ಪಾಳೆ. ಸರ್ ಹೆಗಲ ಮೇಲೆ ಕೈ ಹಾಕಿದರು. "ಬಾರ್ ಇನ್ಮೇಲೆ ನಿಂದೇ. ನೀನಿಲ್ದಿದ್ರೆ ಆ ಮುದುಕ ನನ್ನ ಮಾನ ಕಳೀತಿದ್ದ. ಮಲ್ಲಂದೂರಿಂದ ಮೂಡಿಗೆರೆವರೆಗೂ ಎಸ್ಟೇಟ್‌ನೋರಿಗೆಲ್ಲ ಹೇಳಿದ್ದೀನಿ. ಯಾರೂ ಅವ್ನನ್ನ ಕೆಲ್ಸಕ್ಕೆ ಸೇರಿಸ್ಕೊಳ್ಳಲ್ಲ."

ನಿಜ ಬಾಯಿಗೆ ಬಂತು. ನುಂಗಿದೆ.

ಸಂಜೆ ಕಳಸಕ್ಕೆ, ಗುರುವಯ್ಯನವರಿಗೆ ಫೋನ್ ಮಾಡಿದೆ. ನೆಲ್ಲಿಕಾಯಿ ವಿಷಯ ಪೂರ್ತಿ ಹೇಳಿದೆ. ಬೈಯಲಿ ಅಂತ ಕಾದೆ.

"ನಂಗ್ಯಾಕೆ ಹೇಳ್ತೀಯ ಮಾರಾಯ? ನಾನು ಬೆರೆಸಿಲ್ಲ ಅಂತ ನಂಗೆ ಮೊದ್ಲೇ ಗೊತ್ತಲ್ಲ. ಗೊತ್ತಿಲ್ದೋರಿಗೆ ಹೇಳು."

ಇಟ್ಟುಬಿಟ್ಟರು.

ಜನವರಿ 14, ಬೆಳಿಗ್ಗೆ

ಸರ್ ಜಗಲಿಯಲ್ಲಿದ್ದಾರೆ. ಒಬ್ಬರೇ. ಈಗ ನನ್ನ ಮೇಲೆಯೇ ನನಗೆ ಅನುಮಾನ — ಎದುರು ನಿಂತಾಗ ಬೇರೆ ಏನೋ ಹೇಳಿಬಿಡುತ್ತೇನೆ. ಅಂಗಡಿಯವನದು ತಪ್ಪು ಅಂತ. ಹವೆಗೆ ರುಚಿ ಕೆಟ್ಟಿತ್ತು ಅಂತ. ಅದಕ್ಕೇ ಇಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದೇನೆ.

ಸರ್, ಬಾಟಲಿ ಸರಿಯಾಗಿತ್ತು.

ಕೂಗುತ್ತಿದ್ದಾರೆ. "ದರ್ಶನ್, ಕಾಫಿ ತಾರೋ!"

ಕಾಫಿ ಕೊಟ್ಟು ಹೇಳುವುದೋ, ಹೇಳಿ ಕೊಡುವುದೋ... ಕೇಳಿದ ಮೇಲೆ ನನ್ನ ಕೈಯ ಕಾಫಿ ಕುಡಿಯುತ್ತಾರೋ ಇಲ್ಲವೋ. ಬೇಡ. ಬರಿಗೈಯಲ್ಲೇ ಹೋಗುತ್ತೇನೆ. ಸರ್, ಬಾಟಲಿ ಸರಿಯಾಗಿತ್ತು. ಗುರುವಯ್ಯನವರು ಏನೂ ಮಾಡಿಲ್ಲ. ನಾನು —