ಅಮ್ಮನನ್ನು ಕಂಬದ ಮರೆಯಲ್ಲಿ ನಿಲ್ಲಿಸಿದವನಿಗೆ

ಪ್ರದೀಪಣ್ಣ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಹೋಗಿ ಏಳು ತಿಂಗಳಾಯಿತು. ಮನೆಗೆ ಬಂದವರೆಲ್ಲ "ಚಿನ್ನದಂಥ ಹುಡುಗ" ಎನ್ನುವಾಗ ನಾನು ಚಹಾ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅಷ್ಟು ಸಿಟ್ಟು ನಿನ್ನ ಮೇಲೆ. ಜನರೆದುರು ನನಗೆ ಬಾಯಿ ಬರುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲವೇ ಆ ಗುಟ್ಟನ್ನು ನನ್ನ ತಲೆಗೆ ಕಟ್ಟಿದ್ದು?

ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸಿ ಬೋಟುಗಳನ್ನು ಧಕ್ಕೆಯಲ್ಲಿ ಕಟ್ಟಿಹಾಕುವ ಎರಡು ತಿಂಗಳು ನೆನಪಾಗುತ್ತದೆ. ಬೋಳಾರದ ನಮ್ಮ ಮನೆಯ ನಡುಕೋಣೆಯಲ್ಲಿ ನಿನ್ನ ಹಳೆಯ ಕಂಪ್ಯೂಟರ್, ಅದರಲ್ಲಿ ಆ ಆಟ. ಕತ್ತಿ, ಮಂತ್ರ, ಹಾಳುಬಿದ್ದ ಕೋಟೆಗಳು. ನಾಯಕ ನೀನು, ಜೊತೆಗೆ ಮೂವರು ಸಂಗಡಿಗರು. ಗುರಾಣಿ ಹಿಡಿದ ಕುಳ್ಳನಿಗೆ ನೀನು ನಿಮ್ಮ ಬೋಟಿನ ತಂಡೇಲ ಶೇಖರಣ್ಣನ ಹೆಸರಿಟ್ಟೆ. ಸಮುದ್ರದಲ್ಲಿ ತಂಡೇಲ ಹೇಳಿದಂತೆ ಎಲ್ಲರೂ ಕೇಳಬೇಕಲ್ಲ, ಅದರ ಸೇಡು. "ಹತ್ತು ತಿಂಗಳು ಇವ ನನ್ನನ್ನು ಓಡಿಸ್ತಾನೆ, ಎರಡು ತಿಂಗಳು ನಾನು ಇವನನ್ನು ಓಡಿಸ್ತೇನೆ. ಹೋಗು ಶೇಖರಣ್ಣ, ಪೆಟ್ಟು ತಿನ್ನು!" ಗಾಯ ಗುಣಪಡಿಸುವ ಮಂತ್ರಗಾತಿಗೆ ಅಮ್ಮನ ಹೆಸರು, ಕಮಲ. ಬೀಗ ತೆಗೆಯುವ ಕಳ್ಳಿಗೆ ನನ್ನದು.

ಆ ಕಳ್ಳಿಯನ್ನು ನೀನು ಹೇಗೆ ನಡೆಸುತ್ತಿದ್ದೆ! ಎಲ್ಲರಿಗಿಂತ ಮುಂದೆ ಹೋಗಿ, ನೆಲದಲ್ಲಿ ಅಡಗಿದ ಬಾಣಗಳನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದು ಅವಳ ಕೆಲಸ.

"ಅಣ್ಣ, ನಾನು ಪುನಃ ಸತ್ತೆ."

"ಅದಕ್ಕೆ ಎಂತ ಈಗ? ಹಿಂದೆ ಸೇವ್ ಮಾಡಿದ್ದುಂಟು ಮಾರಾಯ್ತಿ. ವಾಪಸ್ ಬರ್ತಿ."

ಅಮ್ಮನನ್ನು ಮಾತ್ರ ನೀನು ಯಾವಾಗಲೂ ದೂರದ ಒಂದು ಕಂಬದ ಮರೆಯಲ್ಲಿ ನಿಲ್ಲಿಸುತ್ತಿದ್ದೆ. ಅಲ್ಲಿಂದ ಅಲುಗಬಾರದು ಎಂದು ಆಜ್ಞೆ. ಒಮ್ಮೆ ರಾಕ್ಷಸನೆದುರು ನಿನ್ನ ಜೀವ ಎಳೆಯಷ್ಟು ಉಳಿದಿತ್ತು. ಕಂಬದ ಹತ್ತಿರದಿಂದ ಅವಳ ಮಂತ್ರ ನಿನ್ನನ್ನು ಮುಟ್ಟುತ್ತಿರಲಿಲ್ಲ. ಎಂದೂ ಕೂಗದ ನಾನು ಕೂಗಿದೆ, "ಅಮ್ಮನನ್ನು ಮುಂದೆ ಕರಿ!"

"ಸುಮ್ನೆ ಕೂತ್ಕೊ, ಏಳನೇ ಕ್ಲಾಸಿನ ಪಂಡಿತೆ. ಅಮ್ಮನಿಗೆ ಪೆಟ್ಟು ತಾಗಬಾರದು."

ನೀನು ಬಿದ್ದೆ. ನಗುತ್ತಾ ಹಿಂದಿನ ಸೇವ್ ತೆರೆದೆ.

ಕಳೆದ ಜುಲೈಯ ಆ ಬೆಳಗ್ಗೆ ನೀನು ನೀರಿನ ಕೊಡ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತೆ. ಕೈ ಎದೆಯ ಮೇಲಿತ್ತು, ಮುಖದಲ್ಲಿ ಬೆವರು. ಅದು ಮೂರನೆಯ ಸಲ ಎಂದು ನೀನೇ ಹೇಳಿದೆ. "ಅಮ್ಮನಿಗೆ ಹೇಳ್ಬೇಡ. ಫಸ್ಟ್ ಟ್ರಿಪ್ ತಪ್ಪಿದ್ರೆ ನನ್ನ ಜಾಗಕ್ಕೆ ಬೇರೆಯವ ಬರ್ತಾನೆ, ಇಡೀ ಸೀಸನ್ ಹೋಯ್ತು. ಹೋಗಿ ಬಂದು ಡಾಕ್ಟ್ರಿಗೆ ತೋರಿಸ್ತೇನೆ." ನಿಮ್ಮ ಬೋಟಿನ ಪದ್ಧತಿ ಅದು, ಮೊದಲ ಟ್ರಿಪ್ಪಿಗೆ ಹತ್ತಿದವರೇ ಮುಂದಿನ ಮಳೆಗಾಲದವರೆಗೆ. ನಾನು ತಲೆಯಾಡಿಸಿದೆ. ಹನ್ನೊಂದು ದಿನ ಅಮ್ಮ ಬಡಿಸಿದ ಗಂಜಿಯನ್ನು ಬಟ್ಟಲು ನೋಡುತ್ತಾ ಉಂಡೆ. ಹನ್ನೆರಡನೆಯ ದಿನ ಬೋಟು ಹೊರಟಿತು. ನಾಲ್ಕನೆಯ ದಿನ, ಬಲೆ ಎಳೆಯುವಾಗ ನೀನು... ಅವರು ನಿನ್ನನ್ನು ಐಸಿನಲ್ಲಿಟ್ಟು ತಂದರು, ಅಣ್ಣ. ಮೀನಿನ ಐಸಿನಲ್ಲಿ.

ಕಳೆದ ವಾರ ಅಮ್ಮ ಕಂಪ್ಯೂಟರನ್ನು ಗುಜರಿಗೆ ಹಾಕು ಎಂದಳು. ಹಾಕುವ ಮೊದಲು ಆ ಆಟ ತೆರೆದೆ. ಅದೇ ಕೋಟೆ, ಅದೇ ರಾಕ್ಷಸ, ಕಂಬದ ಮರೆಯಲ್ಲಿ ಅದೇ ಅಮ್ಮ. ನಿನ್ನ ಹಾಗೆ ನಾಲ್ವರನ್ನು ಒಟ್ಟಿಗೆ ಆಡಿಸಲು ನನಗೆ ಬರುವುದಿಲ್ಲ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾ ಹೋದೆ. ಸಂಗಡಿಗರು ತಮ್ಮ ಬುದ್ಧಿಯಿಂದಲೇ ನಡೆಯಲಿ ಎಂಬ ಒಂದು ಗುಂಡಿ ಸಿಕ್ಕಿತು. ನೀನು ಅದನ್ನು ಆಫ್ ಮಾಡಿ ಇಟ್ಟಿದ್ದೆ. ನಾನು ಆನ್ ಮಾಡಿದೆ. ಅಮ್ಮ ಯಾರೂ ಕರೆಯದೆ ಕಂಬ ಬಿಟ್ಟು ಓಡಿದಳು. ಬೆಂಕಿ ದಾಟಿ, ಶೇಖರಣ್ಣನನ್ನು ದಾಟಿ, ನೇರ ನಿನ್ನ ಬಳಿಗೆ. ಮೂರು ಸಲ ಎಬ್ಬಿಸಿದಳು. ರಾಕ್ಷಸ ಸತ್ತ. ನನಗೆ ಒಂದು ಚೂರೂ ಸಂತೋಷವಾಗಲಿಲ್ಲ. ಒಂದು ಗುಂಡಿ, ಅಣ್ಣ. ಇಷ್ಟೇ ಇದ್ದದ್ದಾ?

ಎದ್ದು ಹಿತ್ತಿಲಿಗೆ ಹೋದೆ. ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ.

"ಹನ್ನೊಂದು ದಿನ ನಾನು ಬಡಿಸಿದ್ದನ್ನು ಇಬ್ರೂ ತಿಂದ್ರಿ," ಎಂದಳು ಅಮ್ಮ.

"ಅವ ಹೇಳ್ಬೇಡ ಅಂದ."

"ಅವ ಅಂದ. ನಿಂಗೆ ಬಾಯಿ ಇರ್ಲಿಲ್ವಾ?"

ಇದಕ್ಕೆ ನೀನು ಉತ್ತರ ಕೊಡು.

ಮರುದಿನ ಬೆಳಗ್ಗೆ ಅಮ್ಮ ಸೀರೆ ಬದಲಿಸಿ, ನನ್ನ ಕೈ ಹಿಡಿದು ಶೇಖರಣ್ಣನ ಮನೆಗೆ ಎಳೆದುಕೊಂಡು ಹೋದಳು. ಅಂಗಳದಿಂದಲೇ ಕೇಳಿದಳು, "ನನ್ನ ಮಗನಿಗೆ ಹುಷಾರಿಲ್ಲ ಅಂತ ನಾನು ಬಂದು ಹೇಳಿದ್ರೆ, ಅವನ ಜಾಗ ತೆಗೀತಿದ್ಯಾ?"

ಶೇಖರಣ್ಣ ಬಾಗಿಲಲ್ಲೇ ನಿಂತರು. "ಎಂತ ಮಾತು ಕಮಲಕ್ಕ? ಕಳ್ಳಾಟ ಆಡಿ ತಪ್ಪಿಸ್ಕೊಳ್ಳುವವರಿಗೆ ಆ ಕಾನೂನು. ಒಂದು ಮಾತು ಹೇಳಿದ್ರೆ ಎರಡನೇ ಟ್ರಿಪ್ಪಿಗೆ ಕರ್ಕೊಂಡು ಹೋಗ್ತಿದ್ದೆ." ಮತ್ತೆ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ಅವ ನನ್ನತ್ರ ಕೇಳ್ಲೇ ಇಲ್ವಲ್ಲ..."

ಕೇಳಿಸಿತಾ? ಜಾಗ ಎಲ್ಲಿಗೂ ಹೋಗುತ್ತಿರಲಿಲ್ಲ. ಪರದೆಯ ಮೇಲೆ ಶೇಖರಣ್ಣನಿಗೆ ಅಷ್ಟು ಆಜ್ಞೆ ಮಾಡಿದ ನಿನಗೆ, ಎದುರು ನಿಂತು ಒಂದು ಮಾತು ಕೇಳಲು ಆಗಲಿಲ್ಲ. ನನಗಿಂತ ಹೆಚ್ಚು ಅಂಜುಬುರುಕ ನೀನು.

ಅಲ್ಲಿಂದ ಬಂದ ಮೇಲೆ ಅಮ್ಮ ಐದು ದಿನ ನನ್ನೊಡನೆ ಮಾತಾಡಲಿಲ್ಲ. ನಿನ್ನ ಫೋಟೋಕ್ಕೂ ಹೂವಿಡಲಿಲ್ಲ. ಇವತ್ತು ಬೆಳಗ್ಗೆ ನಾನು ಎರಡು ಸಲ ಕೆಮ್ಮಿದೆ. ಒಲೆಯ ಹತ್ತಿರದಿಂದ ತಿರುಗಿ, "ಎಂತ ಆಗ್ತದೆ ನಿಂಗೆ? ನಿಜ ಹೇಳು," ಎಂದಳು.

ಬರೀ ಗಂಟಲು ನೋವು. ಅಷ್ಟನ್ನೂ ಹೇಳಿದೆ.

ಸುಮ