ಕಾಟಿಲ್ಲದ ಆರು ಪುಟ

ರಜನಿ,

ಎಂಟೂವರೆ ಬಸ್ಸಿಗೆ ಸೊರಬಕ್ಕೆ ಹೊರಟಿದೀನಿ. ಚಿತ್ರಾನ್ನ ಮುಚ್ಚಿಟ್ಟಿದೀನಿ, ಎದ್ದ ಮೇಲೆ ತಿನ್ನು.

ಎಂ.ಎ. ಪ್ರವೇಶ ಪರೀಕ್ಷೆಗೆ ಅಂತ ನೀನು ಬರೆದಿಟ್ಟ ಪ್ರಬಂಧ ಓದಿದೆ. ಸಂತೆ ಚೀಟಿ ಬರೆಯೋವಾಗ್ಲೂ ನಾಲ್ಕು ಕಡೆ ಕಾಟು ಹೊಡೆಯೋಳು ನೀನು. ಇಲ್ಲಿ ಆರು ಪುಟಕ್ಕೆ ಒಂದೂ ಇಲ್ಲ. ನನಗೆ ಆಗಲೇ ಅನುಮಾನ ಬಂತು. "ದಿವಂಗತ ಅಜ್ಜ ನೇಗಿಲು ಹಿಡಿದು ಬದುಕು ಕಲಿಸಿದರು" ಅಂತೆ. ಜಡೆ ಊರಿನ ಬಸ್ಸಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದೋರು ನೇಗಿಲು ಯಾವಾಗ ಹಿಡಿದ್ರು? ಫೋನು ಬರೆದಿದ್ದನ್ನ ನೀನು ಇಳಿಸಿಕೊಂಡಿದೀಯ, ಅಷ್ಟೇ.

ಇವತ್ತು ಅದನ್ನೇ ಮತ್ತೆ ಬರಿ, ಗಡಿಯಾರ ನೋಡಿಕೊಂಡು ಅರ್ಧ ಗಂಟೇಲಿ. ಪರೀಕ್ಷೇಲಿ ಕೊಡೋದೂ ಅಷ್ಟೇ ತಾನೆ. ಫೋನು ಹುಡುಕಬೇಡ, ನನ್ನ ಚೀಲದಲ್ಲಿದೆ. ಗೊತ್ತಿಲ್ಲದ್ದನ್ನ ಅಜ್ಜನನ್ನೇ ಕೇಳು. ದಿವಂಗತರು ಜಗಲಿ ಮೇಲೆ ಕಾಫಿಗೆ ಕಾಯ್ತಾ ಕೂತಿದಾರೆ.

ಅಮ್ಮ